ಜೆಟ್ ದಾಟಿದ ಮೇಲೆ ಬರುವ ಗರ್ಜನೆ

ಯುದ್ಧವಿಮಾನದ ಸದ್ದು ಕೇಳಿ ತಲೆಯೆತ್ತಿದರೆ, ಸದ್ದು ಬಂದ ದಿಕ್ಕಿನಲ್ಲಿ ವಿಮಾನ ಕಾಣುವುದಿಲ್ಲ. ಅದು ಆಗಲೇ ಬಹುದೂರ ಹೋಗಿರುತ್ತದೆ; ಗರ್ಜನೆ ಮಾತ್ರ ಹಿಂದಿನಿಂದ ಬಂದು ಕಿವಿಗೆ ಬಡಿಯುತ್ತದೆ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯಲ್ಲಿ ರಾಗಿ, ಟೊಮೆಟೊ ಬೆಳೆಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಪೂರ್ವ–ಪಶ್ಚಿಮವಾಗಿ ಚಾಚಿದೆ. ಅದರ ಪೂರ್ವದ ತುದಿಯಿಂದ ಗೆರೆ ಎಳೆಯುತ್ತಾ ಹೋದರೆ ಮಾರತ್ತಹಳ್ಳಿ, ವರ್ತೂರಿನ ಕಡೆ ಹಾದು ಅದು ಮಾಲೂರು ತಾಲ್ಲೂಕಿನತ್ತ ಬರುತ್ತದೆ.

ಗೆರೆಯ ಆ ತುದಿಯಲ್ಲಿರುವುದು ಬರಿಯ ರನ್‌ವೇ ಅಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನೊಂದಿಗೆ ಕಟ್ಟಿದ ಕಾರ್ಖಾನೆ ಇಂದಿನ ಎಚ್‌ಎಎಲ್. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಮಾರುತ್ 1961ರ ಜೂನ್ 17ರಂದು ಅಲ್ಲಿಂದಲೇ ಏರಿತು. ತೇಜಸ್ 2001ರ ಜನವರಿ 4ರಂದು ಅಲ್ಲಿಂದಲೇ ಏರಿತು. ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಸಂಸ್ಥೆ, ತೇಜಸ್ ವಿನ್ಯಾಸ ಮಾಡಿದ ಎಡಿಎ, ಎಂಜಿನ್ ಸಂಶೋಧನೆಯ ಜಿಟಿಆರ್‌ಇ, ವಾಯುಗತಿ ವಿಜ್ಞಾನದ ಎನ್‌ಎಎಲ್, ಇವೆಲ್ಲವೂ ಆ ನಿಲ್ದಾಣದ ಸುತ್ತಮುತ್ತ ಇವೆ. ದೇಶದ ಶಬ್ದಾತೀತ ವಿಮಾನಗಳು ಹುಟ್ಟುವುದು ನಮ್ಮ ಪಕ್ಕದಲ್ಲೇ. ಹಾಗಾಗಿ ಅವುಗಳ ಸದ್ದಿನ ಪ್ರಶ್ನೆಯೂ ಮೊದಲು ನಮ್ಮದೇ. ಆ ಸದ್ದನ್ನು ತಗ್ಗಿಸಲು ಸಾಧ್ಯವೇ? ಸಾಧ್ಯ, ಆದರೆ ಸ್ವಲ್ಪ ಮಾತ್ರ. ಆ ಸ್ವಲ್ಪಕ್ಕೂ ಎಷ್ಟು ಬೆಲೆಯಿದೆ ಎಂಬುದನ್ನು ನಾವಿನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ.

ಎರಡು ಬೇರೆ ಸದ್ದುಗಳು

ಮೊದಲು ಒಂದು ಗೊಂದಲ ಕಳೆಯಬೇಕು. 2020ರ ಮೇ 20ರ ಮಧ್ಯಾಹ್ನ, ಲಾಕ್‌ಡೌನ್‌ನ ನಿಶ್ಶಬ್ದದ ನಡುವೆ ಬೆಂಗಳೂರಿಗೆ ಬೆಂಗಳೂರೇ ಬೆಚ್ಚಿಬಿತ್ತು. ದೇವನಹಳ್ಳಿಯಿಂದ ಹೆಬ್ಬಗೋಡಿಯವರೆಗೆ, ವೈಟ್‌ಫೀಲ್ಡ್, ಸರ್ಜಾಪುರದ ಕಡೆಗೂ ಭಾರಿ ಸ್ಫೋಟದಂಥ ಸದ್ದು ಕೇಳಿ ಕಿಟಕಿ ಗಾಜುಗಳು ಅದುರಿದವು. ಭೂಕಂಪವೆಂದು ಜನ ಹೊರಗೆ ಓಡಿಬಂದರು. ನೆಲ ಕಂಪಿಸಿದ ದಾಖಲೆ ಇಲ್ಲವೆಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತಿಳಿಸಿತು. ಸಂಜೆಯ ವೇಳೆಗೆ ರಕ್ಷಣಾ ಇಲಾಖೆಯ ವಿವರಣೆ ಬಂತು: ವಾಯುಪಡೆಯ ವಿಮಾನವೊಂದು ನಗರದಿಂದ ದೂರದಲ್ಲಿ, ನಿಗದಿಪಡಿಸಿದ ವಾಯುಪ್ರದೇಶದಲ್ಲಿ ಶಬ್ದಾತೀತ ಪರೀಕ್ಷಾ ಹಾರಾಟ ನಡೆಸಿತ್ತು, 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಹುಟ್ಟಿದ ಸದ್ದು ಅದಾಗಿರಬಹುದು, ಅಂಥ ಸದ್ದು 65ರಿಂದ 80 ಕಿಲೋಮೀಟರ್ ದೂರಕ್ಕೂ ಕೇಳಬಲ್ಲದು.

ಕೋಲಾರ ಜಿಲ್ಲೆಯ ಹಿರಿಯರಿಗೆ ಪಾತ್ರೆ ಅದುರಿಸುವ ಸದ್ದು ಹೊಸದಲ್ಲ. ಕೆಜಿಎಫ್ ಗಣಿಗಳ ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳ ಗೋಡೆ ಬಿರುಕು ಬಿಟ್ಟದ್ದನ್ನು ಕಂಡವರು ಇನ್ನೂ ಇದ್ದಾರೆ. ಆಕಾಶದಿಂದ ಬರುವ ಈ ಸಿಡಿತದ ಕಾರಣ ಬೇರೆ. ವಿಮಾನ ಸದ್ದಿಗಿಂತ ವೇಗವಾಗಿ ಹೋದಾಗ ಮುಂದಿನ ಗಾಳಿಗೆ ಸರಿದುಕೊಳ್ಳಲು ಸಮಯವೇ ಸಿಗದೆ ಒತ್ತಡವೆಲ್ಲ ಒಂದು ತೆಳು ಪದರಕ್ಕೆ ಇಡುಕಿಕೊಳ್ಳುತ್ತದೆ. ಆ ಆಘಾತ ತರಂಗ ನೆಲ ಮುಟ್ಟಿದಾಗ ಕೇಳುವುದು ಸೋನಿಕ್ ಬೂಮ್. ಇದು ವಿಮಾನದ ಮೈಯಿಂದ ಹುಟ್ಟುವ ಸದ್ದು. ಎಂಜಿನ್ ಆರಿಸಿ ಅದೇ ವೇಗದಲ್ಲಿ ತೇಲಿಬಿಟ್ಟರೂ ಬೂಮ್ ಇದ್ದೇ ಇರುತ್ತದೆ.

ನಾನು ಹೇಳಹೊರಟಿರುವುದು ಇನ್ನೊಂದು ಸದ್ದು. ಟೇಕಾಫ್ ಹೊತ್ತಿನಲ್ಲಿ, ವಿಮಾನ ಇನ್ನೂ ಸದ್ದಿನ ವೇಗದ ಅರ್ಧಕ್ಕೂ ಬಾರದಿರುವಾಗ ಎಂಜಿನ್ನಿನ ಹಿಂಬಾಯಿಯಿಂದ ಹೊರಡುವ ಗರ್ಜನೆ. ಇಲ್ಲಿ ಶಬ್ದಾತೀತವಾಗಿರುವುದು ವಿಮಾನವಲ್ಲ, ಅದು ಉಗುಳುವ ಬಿಸಿ ಅನಿಲ. ಬೂಮ್ ಅಪರೂಪಕ್ಕೆ ಬಂದು ಪತ್ರಿಕೆಯ ಮುಖಪುಟ ಸೇರುತ್ತದೆ. ಈ ಗರ್ಜನೆ ಹಾರಾಟವಿದ್ದ ದಿನವೆಲ್ಲ ಇರುತ್ತದೆ, ಸುದ್ದಿಯಾಗುವುದಿಲ್ಲ.

ಗಾಳಿಗೆ ಗಾಳಿ ಉಜ್ಜಿದಾಗ

ಜೆಟ್ ಎಂಜಿನ್ನಿನ ಸದ್ದು ಎಂಜಿನ್ನಿನ ಒಳಗಿನಿಂದ ಬರುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ಪೂರ್ಣ ಬಲದಲ್ಲಿರುವ ಯುದ್ಧವಿಮಾನದಲ್ಲಿ ಸದ್ದಿನ ಬಹುಪಾಲು ಹುಟ್ಟುವುದು ಎಂಜಿನ್ನಿನ ಹೊರಗೆ, ಅದರ ಹಿಂಬಾಯಿಯಾದ ನಾಜಲ್ ದಾಟಿದ ಮೇಲೆ, ಬಯಲಲ್ಲಿ. ಹಿಂಬದಿಯಲ್ಲಿ ಮತ್ತಷ್ಟು ಇಂಧನ ಉರಿಸುವ ಆಫ್ಟರ್‌ಬರ್ನರ್ ಹೊತ್ತಿಸಿದಾಗ ಅನಿಲ ಸೆಕೆಂಡಿಗೆ ಸುಮಾರು ಸಾವಿರ ಮೀಟರ್ ವೇಗದಲ್ಲಿ ನುಗ್ಗುತ್ತದೆ. ಸುತ್ತಲಿನ ಗಾಳಿ ಸುಮ್ಮನೆ ನಿಂತಿದೆ. ಅದರಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಓಡುವ ಅನಿಲಕ್ಕೂ ನಿಂತ ಗಾಳಿಗೂ ಉಜ್ಜಾಟ ನಡೆದು ಸುಳಿಗಳು ಏಳುತ್ತವೆ. ನಾಜಲ್ ಅಂಚಿನ ಬಳಿ ಬೆರಳಗಲವಿದ್ದ ಸುಳಿಗಳು ಹಿಂದೆ ಹೋಗುತ್ತಾ ಆಳೆತ್ತರಕ್ಕೆ ಬೆಳೆಯುತ್ತವೆ. ಆ ಸುಳಿಗಳೇ ಸದ್ದಿನ ಮೂಲ. ಎಂಜಿನ್ನಿನ ಸುತ್ತ ಎಷ್ಟೇ ದಪ್ಪದ ಹೊದಿಕೆ ಹಾಕಿದರೂ ಈ ಸದ್ದು ತಗ್ಗದಿರುವುದು ಇದೇ ಕಾರಣಕ್ಕೆ.

ಇದರ ಗಣಿತವನ್ನು ಮೊದಲು ಬಿಡಿಸಿದವರು ಬ್ರಿಟನ್ನಿನ ಜೇಮ್ಸ್ ಲೈಟ್‌ಹಿಲ್, 1952ರಲ್ಲಿ. ಅವರ ಸೂತ್ರದಂತೆ, ಸದ್ದಿನ ವೇಗ ಮೀರದ ಜೆಟ್‌ನ ಶಬ್ದಶಕ್ತಿ ಅದರ ವೇಗದ ಎಂಟನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಸದ್ದು 256 ಪಟ್ಟು! ತಿರುಗಿಸಿ ನೋಡಿದರೆ ಇದು ವರವೂ ಹೌದು: ವೇಗವನ್ನು ಅರ್ಧಕ್ಕೆ ಇಳಿಸಿದರೆ 24 ಡೆಸಿಬೆಲ್ ಇಳಿಯುತ್ತದೆ. ಪ್ರಯಾಣಿಕರ ವಿಮಾನಗಳನ್ನು ಸುಮ್ಮನಾಗಿಸಿದ್ದು ಇದೇ ಲೆಕ್ಕ. ಎ320 ನಿಯೋದ ಲೀಪ್ ಎಂಜಿನ್ನಿನಲ್ಲಿ ಒಂದು ಪಾಲು ಗಾಳಿ ಉರಿಯುವ ಒಡಲಿಗೆ ಹೋದರೆ ಹನ್ನೊಂದು ಪಾಲು ಅದರ ಹೊರಗಿನಿಂದಲೇ ಹಾದುಹೋಗುತ್ತದೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳಿದರೂ ಅಷ್ಟೇ ನೂಕುಬಲ ಸಿಗುತ್ತದೆ, ಸದ್ದು ಕಡಿಮೆ. ದೇವನಹಳ್ಳಿಯಿಂದ ಏರುವ ಇಂದಿನ ವಿಮಾನಗಳನ್ನು ನಲವತ್ತು ವರ್ಷ ಹಿಂದಿನವುಗಳೊಂದಿಗೆ ಹೋಲಿಸಬಲ್ಲವರಿಗೆ ಈ ವ್ಯತ್ಯಾಸ ಗೊತ್ತು.

ಯುದ್ಧವಿಮಾನಕ್ಕೆ ಈ ದಾರಿ ಮುಚ್ಚಿದೆ. ಅಷ್ಟು ಗಾಳಿ ನುಂಗುವ ದೊಡ್ಡ ಬಾಯಿಯ ಎಂಜಿನ್ ಕಟ್ಟಿಕೊಂಡು ಶಬ್ದದ ವೇಗ ಮೀರಲು ಆಗದು. ಅದಕ್ಕೆ ಸಣ್ಣ ಎದೆ, ತೀವ್ರ ಉಸಿರು ಬೇಕು. ತೇಜಸ್‌ನ ಎಫ್404 ಎಂಜಿನ್ನಿನಲ್ಲಿ ಹೊರಗಿನಿಂದ ಹಾಯುವ ಗಾಳಿ ಒಳಗೆ ಹೋಗುವುದರ ಮೂರನೇ ಒಂದು ಪಾಲಿನಷ್ಟು. ಸುಮಾರು 85 ಕಿಲೋನ್ಯೂಟನ್ ನೂಕುಬಲ ಆ ಕಿರಿದಾದ ಬಾಯಿಂದಲೇ ಬರಬೇಕು. ವಿಮಾನ ಹಾರಲು ಬೇಕಾದ ವೇಗ, ಕಿವಿ ಕೆಡಿಸುವ ವೇಗ ಎರಡೂ ಒಂದೇ. ಇಡೀ ಸಮಸ್ಯೆಯ ತಿರುಳು ಇದು.

ಶಬ್ದಾತೀತ ಜೆಟ್‌ನಲ್ಲಿ ಸದ್ದಿಗೆ ಇನ್ನೂ ಕೆಲವು ಬಾಯಿಗಳಿವೆ. ಸುಳಿಗಳು ಜೆಟ್‌ನ ವೇಗದ ಸುಮಾರು ಮುಕ್ಕಾಲು ಪಾಲು ವೇಗದಲ್ಲಿ ಹಿಂದಕ್ಕೆ ಓಡುತ್ತವೆ. ಅಂದರೆ ಅವೂ ಹೊರಗಿನ ಗಾಳಿಯ ಸದ್ದಿನ ವೇಗ ಮೀರಿರುತ್ತವೆ. ಆಗ ಪ್ರತಿ ದೊಡ್ಡ ಸುಳಿಯೂ ತಾನೇ ಒಂದು ಪುಟ್ಟ ಶಬ್ದಾತೀತ ವಿಮಾನದಂತಾಗಿ, ಓರೆಯಾಗಿ ಹಿಂದಿನ ಕಡೆಗೆ ತರಂಗಗಳನ್ನು ಎಸೆಯುತ್ತದೆ. ವಿಮಾನ ತಲೆ ಮೇಲೆ ದಾಟಿದ ಮೇಲೆ ಸದ್ದು ಅತಿ ಜೋರಾಗಿ ಕೇಳುವುದಕ್ಕೆ ಇದು ಮುಖ್ಯ ಕಾರಣ.

ಎರಡನೆಯದು ಆಘಾತ ಕೋಶಗಳು. ನಾಜಲ್‌ನಿಂದ ಹೊರಬಿದ್ದ ಅನಿಲದ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಹೊಂದದಿದ್ದರೆ ಜೆಟ್ ಹಿಗ್ಗಿ ಕುಗ್ಗಿ, ಮತ್ತೆ ಹಿಗ್ಗಿ ಸಾಗುತ್ತದೆ. ಏರೋ ಇಂಡಿಯಾ ನೋಡಲು ಯಲಹಂಕಕ್ಕೆ ಹೋದವರು ಆಫ್ಟರ್‌ಬರ್ನರ್ ಜ್ವಾಲೆಯೊಳಗೆ ಸಾಲಾಗಿ ಹೊಳೆಯುವ ವಜ್ರಾಕೃತಿಗಳನ್ನು ಕಂಡಿರುತ್ತಾರೆ. ಅವೇ ಆಘಾತ ಕೋಶಗಳು. ಸುಳಿಗಳು ಅವನ್ನು ಹಾಯ್ದು ಹೋಗುವಾಗ ಒಂದೊಂದು ಕೋಶವೂ ಸದ್ದು ಹೊರಡಿಸುತ್ತದೆ. ಆ ಸದ್ದು ಹೊರಗಿನಿಂದ ಮುಂದಕ್ಕೆ ಬಂದು ನಾಜಲ್ ಅಂಚನ್ನು ಮುಟ್ಟಿ ಹೊಸ ಸುಳಿಯನ್ನು ಕೆಣಕುತ್ತದೆ. ಆ ಸುಳಿ ಹೋಗಿ ಮತ್ತೆ ಕೋಶಕ್ಕೆ ಬಡಿಯುತ್ತದೆ. ಹರಿಕಥೆಯ ಮಂಟಪದಲ್ಲಿ ಮೈಕು ಸ್ಪೀಕರಿನ ಮುಂದೆ ಬಂದಾಗ ಕೀರಲು ಏಳುವುದು ಇದೇ ಬಗೆಯ ಸುತ್ತಿನಿಂದ. ಅಲನ್ ಪೊವೆಲ್ 1953ರಲ್ಲಿ ವಿವರಿಸಿದ ಈ ಕೀರಲಿಗೆ ಎಂಜಿನಿಯರರು ಸ್ಕ್ರೀಚ್ ಎನ್ನುತ್ತಾರೆ. ಇದು ಕಿವಿಯ ತೊಂದರೆ ಮಾತ್ರವಲ್ಲ: ಅಕ್ಕಪಕ್ಕ ಎರಡು ನಾಜಲ್ ಇರುವ ಎಫ್-15, ಬಿ-1ಬಿ ವಿಮಾನಗಳಲ್ಲಿ ಎರಡು ಜೆಟ್‌ಗಳ ಕೀರಲು ಒಂದಕ್ಕೊಂದು ಕೂಡಿ ನಾಜಲ್‌ನ ಹೊರ ರೆಕ್ಕೆಗಳೇ ಬಿರುಕು ಬಿಟ್ಟ ಉದಾಹರಣೆಗಳಿವೆ.

ಕೊನೆಯದು ಪಟಪಟ ಸಿಡಿತ. ಬಟ್ಟೆ ಹರಿದಂಥ ಈ ಕರ್ಕಶ ಸದ್ದನ್ನು ಫೋಕ್ಸ್ ವಿಲಿಯಮ್ಸ್ ಮತ್ತು ಸಂಗಡಿಗರು 1975ರಲ್ಲಿ ಶಬ್ದಾತೀತ ಪ್ರಯಾಣಿಕ ವಿಮಾನ ಕಾಂಕಾರ್ಡ್‌ನ ಎಂಜಿನ್ ಸದ್ದಿನಲ್ಲಿ ಗುರುತಿಸಿದರು. ಡೆಸಿಬೆಲ್ ಮಾಪಕ ಇದನ್ನು ಬೇರೆಯಾಗಿ ತೋರಿಸುವುದಿಲ್ಲ. ಮನುಷ್ಯರನ್ನು ಹೆಚ್ಚು ಕಾಡುವುದು ಮಾತ್ರ ಇದೇ.

ಕಾಂಕಾರ್ಡ್ ಹೆಸರು ಬಂದದ್ದರಿಂದ ಒಂದು ಮಾತು. ಸದ್ದಿನ ವಿಷಯದಲ್ಲಿ ಭಾರತ ಗಟ್ಟಿಯಾಗಿ ನಿಂತ ಉದಾಹರಣೆ ನಮ್ಮ ಚರಿತ್ರೆಯಲ್ಲಿದೆ. ಲಂಡನ್–ಬಹರೇನ್–ಸಿಂಗಪುರ ಕಾಂಕಾರ್ಡ್ ಸೇವೆ 1977ರ ಡಿಸೆಂಬರಿನಲ್ಲಿ ಶುರುವಾಗಿ, ಮಲೇಷ್ಯಾದ ಆಕ್ಷೇಪದಿಂದ ಕೆಲವೇ ಹಾರಾಟಗಳಿಗೆ ನಿಂತು, 1979ರಲ್ಲಿ ಮತ್ತೆ ಆರಂಭವಾಯಿತು. ಭಾರತದ ನೆಲದ ಮೇಲೆ ಶಬ್ದಾತೀತ ವೇಗಕ್ಕೆ ಒಪ್ಪಿಗೆ ಸಿಗದೆ, ಲಾಭವೂ ಗಿಟ್ಟದೆ 1980ರಲ್ಲಿ ಆ ಸೇವೆ ಮುಚ್ಚಿತು. ಪರದೇಶದ ಶ್ರೀಮಂತ ಪ್ರಯಾಣಿಕರ ವಿಮಾನಕ್ಕೆ ಬೇಡ ಎಂದ ನಾವು, ನಮ್ಮದೇ ವಿಮಾನಗಳ ಸದ್ದನ್ನು ಅಷ್ಟೇ ಶ್ರದ್ಧೆಯಿಂದ ಪರಿಶೀಲಿಸಬೇಕು.

ಅಂಚು ಕತ್ತರಿಸುವ ವಿದ್ಯೆ

ಸದ್ದು ತಗ್ಗಿಸುವ ಮೊದಲ ಪ್ರಯತ್ನಗಳು 1950ರ ದಶಕದವು. ರೋಲ್ಸ್ ರಾಯ್ಸ್‌ನ ಫ್ರೆಡರಿಕ್ ಗ್ರೇಟ್‌ರೆಕ್ಸ್ ನಾಜಲ್‌ನ ಬಾಯನ್ನು ದುಂಡಗೆ ಬಿಡದೆ ಸುಕ್ಕುಗಟ್ಟಿದ ಹೂವಿನ ಆಕಾರಕ್ಕೆ ತಂದರು. ಅನಿಲವೂ ಗಾಳಿಯೂ ಬೇಗ ಬೆರೆತರೆ ಜೆಟ್‌ನ ವೇಗ ಬೇಗ ತಗ್ಗುತ್ತದೆ, ದೊಡ್ಡ ಸುಳಿಗಳು ಬೆಳೆಯುವುದಿಲ್ಲ. ಆ ಚಿಂತನೆಯ ಇಂದಿನ ರೂಪ ಷೆವ್ರಾನ್, ಅಂದರೆ ನಾಜಲ್ ಅಂಚಿನ ತ್ರಿಕೋನ ಹಲ್ಲುಗಳು. ಬೋಯಿಂಗ್ 787ರ ಎಂಜಿನ್ ಕವಚದ ಹಿಂಬದಿಯಲ್ಲಿ ಅವು ಬರಿಗಣ್ಣಿಗೇ ಕಾಣುತ್ತವೆ. ಪ್ರತಿ ಹಲ್ಲಿನ ಎರಡು ಬದಿಯಲ್ಲೂ ಹರಿವಿನ ಉದ್ದಕ್ಕೆ ತಿರುಚಿಕೊಂಡ ಸುಳಿಗಳು ಹುಟ್ಟಿ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತವೆ. ದೂರ ಹೋಗುವ ತಗ್ಗಿನ ಗುಡುಗು ಇಳಿಯುತ್ತದೆ. ಅದಕ್ಕೆ ಬದಲಾಗಿ ಹೆಚ್ಚು ಆವರ್ತನದ ಸದ್ದು ಸ್ವಲ್ಪ ಏರುತ್ತದೆ. ಅದನ್ನು ಗಾಳಿಯೇ ದಾರಿಯಲ್ಲಿ ಹೀರಿಕೊಳ್ಳುತ್ತದೆ.

ಯುದ್ಧವಿಮಾನಕ್ಕೆ ಹಲ್ಲು ಕೂಡಿಸುವುದು ಅಷ್ಟು ಸುಲಭವಲ್ಲ. ಅದರ ನಾಜಲ್ ಸ್ಥಿರವಾದ ಕೊಳವೆಯಲ್ಲ, ಒಂದರ ಮೇಲೊಂದು ಜಾರುವ ಲೋಹದ ಪಟ್ಟಿಗಳಿಂದ ಹಿಗ್ಗಿ ಕುಗ್ಗುವ ಬಾಯಿ. ಅದೂ ಕೆಂಪಗೆ ಕಾಯುವ ಜಾಗ. ನಮಗೆ ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಬಗೆಯ ಸಂಶೋಧನೆ ಹೆಚ್ಚು ನಡೆದಿರುವ ಎಂಜಿನ್ ಎಫ್404, ತೇಜಸ್ ಹೊತ್ತಿರುವ ಎಂಜಿನ್ನಿನ ವಂಶವೇ. ವಿಮಾನವಾಹಕ ಹಡಗುಗಳ ಮೇಲೆ ತನ್ನ ನಾವಿಕರ ಕಿವಿ ಹಾಳಾಗುವುದನ್ನು ಕಂಡ ಅಮೆರಿಕದ ನೌಕಾಪಡೆ ಇದಕ್ಕೆ ಒತ್ತಾಸೆಯಾಯಿತು. ಮಿಸಿಸಿಪಿ ವಿಶ್ವವಿದ್ಯಾಲಯದ ಜಾಕ್ ಸೈನರ್ ತಂಡ ನಾಜಲ್‌ನ ಒಳಪಟ್ಟಿಗಳನ್ನೇ ಸುಕ್ಕುಗಟ್ಟಿಸಿ, ಆಘಾತ ಕೋಶಗಳ ಬಲ ಕುಂದಿಸುವ ದಾರಿಯನ್ನು ಎಫ್404ಕ್ಕಾಗಿ ರೂಪಿಸಿತು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಡೆನಿಸ್ ಮೆಕ್‌ಲಾಫ್ಲಿನ್, ಫಿಲಿಪ್ ಮಾರಿಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಲೋಹದ ಸುಕ್ಕಿನ ಬದಲು ಗೋಡೆಯ ಸಣ್ಣ ರಂಧ್ರಗಳಿಂದ ಗಾಳಿ ಊದಿ ಅದೇ ಆಕಾರವನ್ನು ಗಾಳಿಯಿಂದಲೇ ಮಾಡುವುದು. ಟೇಕಾಫ್‌ನಲ್ಲಿ ಊದಿ, ಮೇಲೇರಿದ ಮೇಲೆ ನಿಲ್ಲಿಸಬಹುದು. ಯುದ್ಧದ ಹೊತ್ತಿನಲ್ಲಿ ನೂಕುಬಲ ಕಳೆದುಕೊಳ್ಳಬೇಕಿಲ್ಲ. ನನಗೆ ಅತಿ ಭರವಸೆಯದಾಗಿ ಕಾಣುವುದು ಈ ದಾರಿಯೇ. ಯಾಕೆಂದರೆ ಸದ್ದಿನ ಸಲುವಾಗಿ ವೇಗ ಬಿಟ್ಟುಕೊಡಿ ಎಂದು ಯಾವ ವಾಯುಪಡೆಗೂ ಹೇಳಲಾಗುವುದಿಲ್ಲ.

ನೀರಿನ ದಾರಿಯೂ ಇದೆ. ರಾಕೆಟ್ ಉಡಾವಣೆಯಲ್ಲಿ ಇದು ಹಳೆಯ ಉಪಾಯ. ಅಮೆರಿಕದ ಸ್ಪೇಸ್ ಷಟಲ್ ಏರುವಾಗ ಒಂದು ನಿಮಿಷದೊಳಗೆ ಸುಮಾರು 11 ಲಕ್ಷ ಲೀಟರ್ ನೀರು ಸುರಿಸುತ್ತಿದ್ದರು. ಜೆಟ್‌ಗೆ ಅಷ್ಟು ಬೇಡ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಂಜನೇಯುಲು ಕ್ರೋತಪಲ್ಲಿ ಅವರ ತಂಡ ಸೂಜಿಯಂಥ ನೀರಿನ ಎಳೆಗಳನ್ನು ನಾಜಲ್ ಬಾಯಲ್ಲಿ ಜೆಟ್‌ಗೆ ಚುಚ್ಚಿ ನೋಡಿತು. ಹನಿಗಳು ಸುಳಿಗಳ ಶಕ್ತಿಯನ್ನು ಹೀರಿ ಸದ್ದನ್ನು ಕೆಲವು ಡೆಸಿಬೆಲ್ ಇಳಿಸಿದವು. 2003ರಲ್ಲಿ ಪ್ರಕಟವಾದ ಆ ಪ್ರಬಂಧದ ಲೇಖಕರಲ್ಲಿ ಒಬ್ಬರು ಬೆಂಗಳೂರಿನ ಎನ್‌ಎಎಲ್‌ನ ವಿಜ್ಞಾನಿ ಎಲ್. ವೆಂಕಟಕೃಷ್ಣನ್. ಹಾರುವ ವಿಮಾನ ನೀರು ಹೊತ್ತು ತಿರುಗಲಾರದು, ನಿಜ. ನೆಲದ ಮೇಲಿನ ಎಂಜಿನ್ ಪರೀಕ್ಷೆಗೆ, ಹಡಗಿನ ಡೆಕ್‌ಗೆ ಇದು ಆಗಬಹುದು.

ಬೆಂಗಳೂರಿಗೆ ಬೇಕಾದ ವಿದ್ಯೆ ಬೆಂಗಳೂರಿನಲ್ಲೇ ಇದೆ

ಜೆಟ್ ಸದ್ದು ಎಂದರೆ ಕೊನೆಗೆ ಸುಳಿಗಳ ವಿಜ್ಞಾನ. ಆ ವಿಜ್ಞಾನದಲ್ಲಿ ಬೆಂಗಳೂರಿಗೆ ದೊಡ್ಡ ಪರಂಪರೆಯಿದೆ. ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಶಿಷ್ಯರಾಗಿದ್ದ ಸತೀಶ್ ಧವನ್ 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಶಬ್ದಾತೀತ ಗಾಳಿಸುರಂಗ ಕಟ್ಟಿದರು. ಅವರ ವಿದ್ಯಾರ್ಥಿಯಾಗಿ, ಅದೇ ಲೀಪ್‌ಮನ್ ಬಳಿ ಪಿಎಚ್‌ಡಿ ಮಾಡಿ ಬಂದ ರೊದ್ದಂ ನರಸಿಂಹ ಪ್ರಕ್ಷುಬ್ಧ ಹರಿವಿನ ಅಧ್ಯಯನದಲ್ಲಿ ಜಗತ್ತು ಗೌರವಿಸುವ ಹೆಸರಾದರು. 1984ರಿಂದ 1993ರವರೆಗೆ ಎನ್‌ಎಎಲ್ ಮುನ್ನಡೆಸಿದರು. ಅವರ ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾ ಕನ್ನಡದಲ್ಲಿ ವಿಜ್ಞಾನ ಬರೆದವರು. ಎನ್‌ಎಎಲ್‌ನ 1.2 ಮೀಟರ್ ಗಾಳಿಸುರಂಗ 1967ರಿಂದ ನಮ್ಮ ವಿಮಾನ, ರಾಕೆಟ್‌ಗಳ ಮಾದರಿಗಳನ್ನು ಪರೀಕ್ಷಿಸುತ್ತಿದೆ. ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆಗೆ ಹೆಸರು ಕೊಟ್ಟದ್ದು ಅದೇ. ಇಸ್ರೊದ ಉಪಗ್ರಹಗಳು ಉಡಾವಣೆಯ ಭೀಕರ ಸದ್ದನ್ನು ತಾಳಬಲ್ಲವೇ ಎಂದು ನೋಡಲು ಸಾವಿರ ಘನ ಮೀಟರಿಗೂ ದೊಡ್ಡದಾದ ಧ್ವನಿಕೋಣೆ ಎನ್‌ಎಎಲ್‌ನಲ್ಲಿದೆ. ಕೊಳವೆ, ಸೈಲೆನ್ಸರ್‌ಗಳ ಧ್ವನಿಶಾಸ್ತ್ರದ ಬಗ್ಗೆ ಜಗತ್ತಿನ ಎಂಜಿನಿಯರರು ತೆರೆದು ನೋಡುವ ಗ್ರಂಥವನ್ನು 1987ರಲ್ಲಿ ಬರೆದವರು ವಿಜ್ಞಾನ ಸಂಸ್ಥೆಯ ಎಂ.ಎಲ್. ಮುಂಜಾಲ್.

ಸೈಲೆನ್ಸರನ್ನು ಹಾರುವ ಯುದ್ಧವಿಮಾನಕ್ಕೆ ಕಟ್ಟಲಾಗದು. ಆದರೆ ವಿಮಾನವನ್ನೇ ಸೈಲೆನ್ಸರಿನೊಳಗೆ ನಿಲ್ಲಿಸಬಹುದು. ದುರಸ್ತಿಯಾದ ಎಂಜಿನ್ನನ್ನು ನೆಲದ ಮೇಲೆ ಪೂರ್ಣ ಬಲದಲ್ಲಿ ಓಡಿಸಿ ನೋಡುವಾಗ, ಸದ್ದು ಹೀರುವ ಗೋಡೆಗಳ ಕಟ್ಟಡದಲ್ಲಿ ವಿಮಾನ ನಿಲ್ಲಿಸಿ ಹಿಂಬಾಯಿಯ ಅನಿಲವನ್ನು ಉದ್ದನೆಯ ಕೊಳವೆಯಿಂದ ಹಾಯಿಸುವ ವ್ಯವಸ್ಥೆ ಅನೇಕ ದೇಶಗಳ ವಾಯುನೆಲೆಗಳಲ್ಲಿದೆ. ನಗರದ ಮಧ್ಯೆ ಇರುವ ನೆಲೆಗೆ ಇದು ಆಡಂಬರವಲ್ಲ, ಅಗತ್ಯ.

ಮೂರು ಡೆಸಿಬೆಲ್ ಇಳಿದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಹೊಲದಲ್ಲಿ ನಿಂತವರ ಕಿವಿಗೆ ಆ ವ್ಯತ್ಯಾಸ ಅಷ್ಟಾಗಿ ತಿಳಿಯದು; ಸದ್ದು ಅರ್ಧವಾಯಿತು ಅನ್ನಿಸಲು 10 ಡೆಸಿಬೆಲ್ ಇಳಿಯಬೇಕು. ಆದರೆ 3 ಡೆಸಿಬೆಲ್ ಇಳಿದರೆ ಕಿವಿಗೆ ಬೀಳುವ ಶಬ್ದಶಕ್ತಿ ಅರ್ಧವಾಗುತ್ತದೆ. ಕಾರ್ಮಿಕರ ಕಿವಿ ಕಾಪಾಡಲು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಲೆಕ್ಕದಲ್ಲಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, 88ಕ್ಕೆ 4 ಗಂಟೆ, ಹೀಗೆ ಅರ್ಧರ್ಧ ಇಳಿಯುತ್ತಾ 115 ಡೆಸಿಬೆಲ್‌ಗೆ ಅರ್ಧ ನಿಮಿಷವೂ ಉಳಿಯುವುದಿಲ್ಲ. ಆಫ್ಟರ್‌ಬರ್ನರಿನ ಬಳಿ ಸದ್ದು 140 ಮೀರುತ್ತದೆ. ಕಿವಿಯಲ್ಲಿ ಬೆಣೆ, ಅದರ ಮೇಲೆ ಮುಚ್ಚಳ ಹಾಕಿಕೊಂಡರೂ ತಗ್ಗುವುದು ಸಾಮಾನ್ಯವಾಗಿ 30 ಡೆಸಿಬೆಲ್ ಆಸುಪಾಸು. ಉಳಿದದ್ದರಲ್ಲಿ ಒಂದು ಪಾಲು ತಲೆಬುರುಡೆಯ ಮೂಳೆಯ ಮೂಲಕವೂ ಒಳಕಿವಿಗೆ ಇಳಿಯುತ್ತದೆ. ವಿಮಾನದ ಪಕ್ಕ ನಿಂತು ಕೆಲಸ ಮಾಡುವ ತಂತ್ರಜ್ಞನಿಗೆ ಒಂದೊಂದು ಡೆಸಿಬೆಲ್ಲೂ ನಿವೃತ್ತಿಯ ನಂತರ ಮೊಮ್ಮಕ್ಕಳ ಮಾತು ಕೇಳಿಸುವುದೋ ಇಲ್ಲವೋ ಎಂಬ ಪ್ರಶ್ನೆ. ಅಮೆರಿಕದ ಮಾಜಿ ಸೈನಿಕರು ಪರಿಹಾರ ಪಡೆಯುವ ತೊಂದರೆಗಳಲ್ಲಿ ಅತಿ ಹೆಚ್ಚಿನದು ಕಿವಿಯ ಗುಂಯ್‌ಗುಡುವಿಕೆ. ನಮ್ಮವರ ಕಿವಿಗಳು ಬೇರೆಯಲ್ಲ.

ಹೊರಗಿನವರ ವಿಷಯವೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ದೇಶ ಕಾಯುವ ವಿಮಾನ ಆ ಮಿತಿಯೊಳಗೆ ಏರಬೇಕೆಂದು ಯಾರೂ ಕೇಳುವುದಿಲ್ಲ; ನಾನೂ ಕೇಳುತ್ತಿಲ್ಲ. ಎಷ್ಟು ಸದ್ದು, ದಿನಕ್ಕೆ ಎಷ್ಟು ಹೊತ್ತು, ಯಾವ ಊರಿನ ಶಾಲೆಯ ಮೇಲೆ ಎಂಬುದನ್ನಾದರೂ ಅಳೆದು ಇಡಬೇಕು. ಅಳತೆಯಿಲ್ಲದೆ ಎಂಜಿನಿಯರಿಗೂ ಕೆಲಸ ಶುರುಮಾಡಲು ಆಗುವುದಿಲ್ಲ.

ಈ ಮಾತಿಗೆ ಇದೇ ಸರಿಯಾದ ಕಾಲ. ತೇಜಸ್‌ನ ಮುಂದಿನ ರೂಪಕ್ಕೆ ಹೆಚ್ಚು ಬಲದ ಎಫ್414 ಎಂಜಿನ್ ಆಯ್ಕೆಯಾಗಿದೆ. ಬೂಮ್ ತಗ್ಗಿಸಲೆಂದೇ ನಾಸಾ ಕಟ್ಟಿಸಿ 2025ರ ಅಕ್ಟೋಬರ್ 28ರಂದು ಮೊದಲ ಬಾರಿ ಹಾರಿಸಿದ ಎಕ್ಸ್-59 ವಿಮಾನವೂ ಅದೇ ವಂಶದ ಎಂಜಿನ್ನನ್ನು ಬೆನ್ನ ಮೇಲೆ ಹೊತ್ತಿದೆ. ಇತ್ತ ನಮ್ಮ ಮುಂದಿನ ಪೀಳಿಗೆಯ ಯುದ್ಧವಿಮಾನ ಎಎಂಸಿಎಗಾಗಿ ಫ್ರಾನ್ಸಿನ ಸಾಫ್ರಾನ್ ಜೊತೆಗೂಡಿ ಹೊಸ ಎಂಜಿನ್ ರೂಪಿಸುವುದಾಗಿ ಸರ್ಕಾರ 2025ರಲ್ಲಿ ಹೇಳಿದೆ. ಆ ಎಂಜಿನ್ ಇನ್ನೂ ಕಾಗದದ ಮೇಲಿರುವಾಗಲೇ ನಾಜಲ್‌ಗೆ ಗಾಳಿ ಊದುವ ರಂಧ್ರಗಳಿಗೆ ಜಾಗ ಬಿಡುವುದು ಸುಲಭ. ಎಂಜಿನ್ ತಯಾರಾದ ಮೇಲೆ ಅಂಚು ಕತ್ತರಿಸಲು ಹೊರಟರೆ ಖರ್ಚು ಹೆಚ್ಚು, ಫಲ ಕಡಿಮೆ.

ಆದ್ದರಿಂದ ಜಿಟಿಆರ್‌ಇ ಮತ್ತು ಎಡಿಎಗಳಲ್ಲಿ ನನ್ನ ಕೋರಿಕೆ ಇಷ್ಟು: ನೂಕುಬಲ, ತೂಕ, ಇಂಧನದ ಸಾಲಿನ ಕೆಳಗೆ ಸದ್ದಿಗೂ ಒಂದು ಸಾಲು ಬರೆಯಿರಿ, ಅದಕ್ಕೊಂದು ಅಂಕಿ ಕೊಡಿ. 1957ರಿಂದ ಬೆಂಗಳೂರಿನಲ್ಲೇ ಇರುವ ವಾಯುಯಾನ ವೈದ್ಯಕೀಯ ಸಂಸ್ಥೆ, ಹಾರುವವರ ಜೊತೆಗೆ ನೆಲದ ಮೇಲೆ ವಿಮಾನ ಸಿದ್ಧಪಡಿಸುವ ತಂತ್ರಜ್ಞರ ಕಿವಿಯ ಸ್ಥಿತಿಯನ್ನೂ ವರ್ಷವರ್ಷ ಜನರ ಮುಂದಿಡಲಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ವರ್ತೂರಿನಿಂದ ಲಕ್ಕೂರಿನವರೆಗಿನ ಶಾಲೆಗಳ ಮಾಳಿಗೆಗಳ ಮೇಲೆ ಶಬ್ದಮಾಪಕಗಳನ್ನಿಟ್ಟು, ಬಂದ ಅಂಕಿಗಳನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಲಿ.